ಹಬ್ಬ ಬಿಡದ ಮನೆ

"ಬಾಳೆಕಂದು ಒಂದೂ ಸಿಗಲಿಲ್ಲ ದೊಡ್ಡಪ್ಪ. ಮಾರ್ಕೆಟ್ ತುಂಬಾ ಇವತ್ತು ಕಬ್ಬೋ ಕಬ್ಬು," ಎನ್ನುತ್ತಾ ಸಿದ್ದು ಗೂಡ್ಸ್ ಆಟೋದಿಂದ ಸೇವಂತಿಗೆ ಹೂವಿನ ಮೂಟೆ ಇಳಿಸಿದ.

ಗೇಟಿನ ಒಳಗೆ ಕೂತು ಬಿದಿರಿನ ಗಳಕ್ಕೆ ಹುರಿ ಸುತ್ತುತ್ತಿದ್ದ ಶಿವರುದ್ರಪ್ಪನವರು ತಲೆ ಎತ್ತಲಿಲ್ಲ. ಹೆಂಡತಿ ಸತ್ತ ದಿನ ಗಂಡನಾದವನು ಒಂದು ಕಡೆ ಸುಮ್ಮನೆ ಕೂರಬೇಕು, ಬಂದವರು ಕೈ ಹಿಡಿದಾಗ ಅಳಬೇಕು. ಅದು ಅವರಿಂದ ಆಗುತ್ತಿರಲಿಲ್ಲ. ತಮ್ಮನ ಮಗ ಸಿದ್ದು ಹೆಣ ಹೊರುವ ವಿಮಾನ ಕಟ್ಟಲು ಬಿದಿರು ತಂದು ಹಾಕಿದ್ದೇ ತಡ, ಹುರಿಯುಂಡೆ ಹಿಡಿದು ಕೂತುಬಿಟ್ಟಿದ್ದರು.

"ಕಬ್ಬಿದ್ರೆ ಕಬ್ಬೇ ಕಟ್ಟು," ಅಂದರು. "ಹಿತ್ತಲಲ್ಲಿ ಒಂದು ಹೊರೆ ಅದೆ ನೋಡು. ನಿಮ್ಮ ದೊಡ್ಡಮ್ಮ ನಿನ್ನೆ ತಾನೆ ತರಿಸಿದ್ದು."

"ವಿಮಾನಕ್ಕೆ ಕಬ್ಬಾ? ನೋಡಿದೋರು ನಗಲ್ವ?"

"ನಗಲಿ ಬುಡು. ಅವಳಿದ್ದಿದ್ರೆ ಅವಳೇ ಮೊದಲು ನಗೋಳು."

ಅವರ ಜನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಬಳಿದು, ಕೂರಿಸಿ, ಹೂವಿನ ವಿಮಾನ ಕಟ್ಟಿ, ಉತ್ಸವದಂತೆ ಹೊತ್ತುಕೊಂಡು ಹೋಗಿ ಮಣ್ಣು ಮಾಡುವುದು. ಪುಟ್ಟಬಸಮ್ಮ ಆಗಲೇ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಹಬ್ಬದ ದಿನವಾದ್ದರಿಂದ ಅಕ್ಕಪಕ್ಕದವರ ಮನೆಗಳಲ್ಲಿ ಹೂವಿಗೆ ಬರ ಇರಲಿಲ್ಲ. ಬಂದವರೆಲ್ಲ ದೇವರಿಗೆಂದು ಕಟ್ಟಿಟ್ಟಿದ್ದ ಮೊಳದಲ್ಲೇ ಒಂದಿಷ್ಟು ಕಿತ್ತು ತಂದಿದ್ದರು.

ಬೆಳಿಗ್ಗೆ ಎದ್ದು ಸಂಕ್ರಾಂತಿಯ ರಂಗೋಲಿ ಹಾಕಿ ಒಳಗೆ ಬಂದವಳು, "ಸುಷ್ಮಾ, ಒಂಚೂರು ಕಾಫಿ ಕೊಡವ್ವ, ಎದೆ ಯಾಕೋ ಹಿಡ್ಕೊಂಡಂಗಾಗದೆ," ಎಂದು ಸೋಫಾದಲ್ಲಿ ಕೂತಳು. ಸೊಸೆ ಲೋಟ ಹಿಡಿದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಗ ಮಹದೇವಪ್ರಸಾದ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ನಾಡಿ ಹಿಡಿದು ನೋಡಿ, ಮನೆಗೆ ಕರಕೊಂಡು ಹೋಗಿ ಅಂದರು.

ನಂಜನಗೂಡಿನಿಂದ ಬಂದ ಕಾರು ಗೇಟಿನ ಮುಂದೆ ನಿಂತಾಗ ಶಿವರುದ್ರಪ್ಪನವರ ಕೈ ನಿಂತಿತು. ಅಕ್ಕ ದೇವೀರಮ್ಮ ಬಂದರು. ಊರುಗೋಲು ಊರಿಕೊಂಡು ಒಳಗೆ ಹೋಗಿ, ನಾದಿನಿಯ ಕೆನ್ನೆ ಸವರಿ, ಹೊಟ್ಟೆ ತುಂಬ ಅತ್ತರು. ಅತ್ತು ಮುಗಿಸಿ ಮೂಗು ಒರೆಸಿಕೊಂಡವರೇ ಹೊರಗೆ ಬಂದು ತಮ್ಮನ ಮುಂದೆ ನಿಂತರು.

"ಹೋಗಿ ಹೋಗಿ ಇವತ್ತೇ ಹೋದ್ಲಲ್ಲೋ ರುದ್ರ! ಮನೆಗೆ ಸಂಕ್ರಾಂತಿ ಬಿಟ್ಟೋಯ್ತು ಕಣೋ."

ಅಷ್ಟಕ್ಕೇ ಎಲ್ಲರಿಗೂ ಅರ್ಥವಾಯಿತು. ಹಬ್ಬದ ದಿನವೇ ಮನೆಯಲ್ಲಿ ಸಾವಾದರೆ ಆ ಹಬ್ಬ ಆ ಮನೆಗೆ ಬಿಟ್ಟಹಾಗೆ. ಮುಂದೆ ಯಾವತ್ತಾದರೂ ಅದೇ ಹಬ್ಬದ ದಿನ ಮನೆಯಲ್ಲಿ ಕೂಸೋ ಕರುವೋ ಹುಟ್ಟಿದರೆ ಸರಿ, ಇಲ್ಲದಿದ್ದರೆ ಮಕ್ಕಳ ಕಾಲಕ್ಕೂ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಇಲ್ಲ.

ಮಹದೇವಪ್ರಸಾದ ಮೆಲ್ಲಗೆ ಹೇಳಿದ: "ಅತ್ತೆ, ನಮ್ಮೋರಿಗೆ ಸೂತಕಾನೇ ಇಲ್ಲ ಅಂತ ಅಯ್ನೋರು ಹೇಳ್ತಾರೆ."

"ಅದು ಮಠದ ಮಾತು ಕಣಪ್ಪ. ನಾನು ಹೇಳ್ತಿರೋದು ಮನೆ ಮಾತು. ಮಣ್ಣು ಮಾಡಿ ಬರಲಿ, ನೆಂಟರೆಲ್ಲ ಕೂತಿರ್ತಾರೆ, ಅವರ ಮುಂದೆನೇ ಹೇಳ್ಬುಡ್ತೀನಿ. ನಾಳೆ ನಾನು ಸತ್ರೆ ನಿಮಗೆ ಹೇಳೋರು ಯಾರು?"

ದೇವೀರಮ್ಮ ನೆಂಟರ ಮುಂದೆ ಆಡಿದ ಮಾತನ್ನು ಆಮೇಲೆ ಅಳಿಸಿದವರು ಆ ವಂಶದಲ್ಲೇ ಇರಲಿಲ್ಲ. ಶಿವರುದ್ರಪ್ಪನವರು ಹುರಿಯನ್ನು ಇನ್ನೊಂದು ಸುತ್ತು ಬಿಗಿದರು. ಬಾಯಿ ಬಿಡಬೇಕು ಅನ್ನಿಸಿತು. ಬಾಯಿ ಬಿಡುವ ಕೆಲಸವನ್ನೆಲ್ಲ ಇಷ್ಟು ವರ್ಷ ಒಳಗೆ ಕೂತಿರುವವಳೇ ಮಾಡಿಕೊಂಡು ಬಂದಿದ್ದಳು.

*

ಅವರ ತಂದೆ ಹೋದದ್ದೂ ಸಂಕ್ರಾಂತಿಯ ದಿನವೇ. ಶಿವರುದ್ರಪ್ಪ ಆಗಿನ್ನೂ ಚಡ್ಡಿ ಹಾಕುವ ಹುಡುಗ. ಅಂದಿನಿಂದ ಮನೆಗೆ ಹಬ್ಬ ಬಿಟ್ಟಿತು. ಅವರ ಊರು ಬೋಗಾದಿ ಆಗಿನ್ನೂ ಹಳ್ಳಿ. ಊರಿನ ದನಗಳೆಲ್ಲ ಅರಿಶಿನ ಬಳಿಸಿಕೊಂಡು, ಕೊಂಬಿಗೆ ಹೂವು ಸುತ್ತಿಸಿಕೊಂಡು ಸಂಜೆ ಕಿಚ್ಚು ಹಾಯುವಾಗ ಅವರ ಮನೆಯ ದನ ಮಾತ್ರ ಕೊಟ್ಟಿಗೆಯಲ್ಲಿ ನಿಂತು ಅಂಬಾ ಅನ್ನುತ್ತಿದ್ದವು. ಎಳ್ಳು ಬೀರಲು ಹೊರಟ ಹುಡುಗಿಯರು ಅವರ ಬಾಗಿಲು ಬಂದಾಗ ಹೆಜ್ಜೆ ಜೋರು ಮಾಡುತ್ತಿದ್ದರು.

ಪುಟ್ಟಬಸಮ್ಮ ತಲಕಾಡಿನ ಕಡೆಯ ಕಬ್ಬಿನ ಸೀಮೆಯವಳು. ಮದುವೆಯಾಗಿ ಬಂದ ಮೊದಲ ಸಂಕ್ರಾಂತಿಗೆ ತಲೆಗೆ ಎರೆದುಕೊಂಡು, ಜಡೆ ತುಂಬ ಹೂವು ಮುಡಿದು ಅಡುಗೆಮನೆಗೆ ಬಂದಳು.

"ಹೂವ ತೆಗಿ," ಅಂದರು ಅತ್ತೆ. "ಇವತ್ತು ಈ ಮನೆಗೆ ಹಬ್ಬ ಇಲ್ಲ."

"ಮತ್ತೆ ಯಾವಾಗ ಬತ್ತದೆ ಅತ್ತೆ?"

ಅತ್ತೆ ಕೂಸು ಕರುವಿನ ಲೆಕ್ಕ ಹೇಳಿದರು. ಪುಟ್ಟಬಸಮ್ಮ ಹೂವು ತೆಗೆದಳು. ಮುಚ್ಚಿದ ಬಾಗಿಲ ಹಿಂದೆ ಕೂತು ಇಡೀ ದಿನ ಬೀದಿಯ ಸದ್ದು ಕೇಳಿಸಿಕೊಂಡಳು. ಮಾರನೆಯ ದಿನ ಹೊಲದ ಹಾದಿಯಲ್ಲಿ ಗಂಡನಿಗೆ ಅಂದಳು: "ಕೂಸು ನಮ್ಮ ಕೈಲಿಲ್ಲ ಬುಡಿ. ಕರುವಿಂದು ನೋಡಬಹುದು."

"ಏನು ನೋಡ್ತೀಯ?"

"ಕೆಂದೀನ ಯಾವಾಗ ಹೋರಿ ಹತ್ರ ಹೊಡ್ಕೊಂಡು ಹೋದ್ರೆ ಸಂಕ್ರಾಂತಿಗೆ ಸರಿಯಾಗಿ ಈಯ್ತದೆ ಅಂತ."

ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು. ಅವಳು ಹೇಳಿದ ಹೊತ್ತಿಗೆ ಶಿವರುದ್ರಪ್ಪ ಹಸುವಿನ ಹಗ್ಗ ಹಿಡಿದು ಹೊರಟರು. ಎದುರುಮನೆಯ ಚಾಮಯ್ಯ, "ಹಬ್ಬ ಬರಲಿ ಅಂತ ಹಸುಗೆ ಮದುವೆ ಮಾಡೋಕೆ ಹೊಂಟಿದ್ದೀಯಲ್ಲ ಮಾರಾಯ," ಎಂದು ಊರಿಗೆಲ್ಲ ಹೇಳಿಕೊಂಡು ನಕ್ಕ.

ಲೆಕ್ಕ ತಪ್ಪಿರಲಿಲ್ಲ. ಸಂಕ್ರಾಂತಿ ಬಂತು, ಕೆಂದಿ ತುಂಬು ಗಬ್ಬ. ಪುಟ್ಟಬಸಮ್ಮ ಬೆಳಿಗ್ಗೆಯಿಂದ ಅದರ ಮುಂದೆಯೇ ಕೂತಳು. ಬೆನ್ನು ಸವರಿದಳು, ಬೆಲ್ಲ ತಿನ್ನಿಸಿದಳು, ಆಮೇಲೆ ಬೈದಳು. "ಹಾಕೇ ತಾಯಿ, ಹೊತ್ತು ಮುಳುಗ್ತದೆ." ಕೆಂದಿ ಮೆಲುಕು ಹಾಕುತ್ತಾ ನಿಂತಿತ್ತು. ಹೊತ್ತು ಮುಳುಗಿತು. ಊರಾಚೆ ಕಿಚ್ಚು ಹೊತ್ತಿ, ಆರಿ, ಬೂದಿಯಾಯಿತು. ಕರು ಬರಲಿಲ್ಲ.

ಬಂದದ್ದು ಮಾರನೆಯ ದಿನ ಬೆಳಕು ಹರಿಯುವಾಗ.

ಪುಟ್ಟಬಸಮ್ಮ ಅದರ ಮೂಗು ಬಾಯಿ ಒರೆಸಿದವಳೇ ಸೀದಾ ಅತ್ತೆಯ ಹಾಸಿಗೆಯ ಬಳಿಗೆ ಹೋದಳು. ಅತ್ತೆಗೆ ಆಗಲೇ ಎರಡೂ ಕಣ್ಣಿಗೆ ಪೊರೆ.

"ಅತ್ತೆ, ಕೆಂದಿ ನಿನ್ನೆನೇ ಕರು ಹಾಕ್ತು. ದೀಪ ಹಚ್ಚೋ ಹೊತ್ತಿಗೆ. ನಿಮಗೆ ಮೈ ಹುಷಾರಿರಲಿಲ್ಲ ಅಂತ ಎಬ್ಬಿಸಲಿಲ್ಲ."

ಬಿಸಿನೀರಿನ ಬಕೀಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿವರುದ್ರಪ್ಪ ಕಣ್ಣು ಕೆಳಗೆ ಹಾಕಿದರು. ಅತ್ತೆ ಗೋಡೆ ಹಿಡಿದು ಹಿಡಿದು ಕೊಟ್ಟಿಗೆಗೆ ಬಂದರು. ಕರುವಿನ ತಲೆಯಿಂದ ಬಾಲದವರೆಗೆ ಕೈ ಆಡಿಸಿದರು. ಅದಿನ್ನೂ ಎದ್ದು ಬಿದ್ದು ಮಾಡುತ್ತಿತ್ತು.

"ಒದ್ದೆ ಅದಲ್ಲ?"

"ಈಗ್ತಾನೆ ಮೈ ತೊಳೆದೆ ಅತ್ತೆ."

"ಈ ಚಳೀಲಿ?"

"ಬಿಸಿನೀರಲ್ಲಿ."

ಅತ್ತೆ ಬಹಳ ಹೊತ್ತು ಕರುವಿನ ಕಿವಿ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ, "ಸರಿ. ಎಳ್ಳು ಹುರ್ಕೊ ಹೋಗು," ಅಂದರು.

ಊರೆಲ್ಲ ಹಬ್ಬ ಮುಗಿಸಿ ಕಬ್ಬಿನ ಸಿಪ್ಪೆ ಗುಡಿಸುತ್ತಿದ್ದ ದಿನ ಆ ಮನೆಯಲ್ಲಿ ಸಂಕ್ರಾಂತಿ. ಅವತ್ತು ಶುರುವಾದದ್ದು ಮತ್ತೆ ನಿಲ್ಲಲಿಲ್ಲ. ಧನುರ್ಮಾಸ ಬಂತೆಂದರೆ ಪುಟ್ಟಬಸಮ್ಮ ಕೊಬ್ಬರಿ ಹೆಚ್ಚಲು ಕೂರುವಳು. ಬೆಲ್ಲದ ಚೂರು ಒಂದಕ್ಕಿಂತ ಒಂದು ದೊಡ್ಡದಿರಬಾರದು, ಕಡಲೆಬೀಜದ ಸಿಪ್ಪೆ ಒಂದು ಎಸಳೂ ಇರಬಾರದು. ಹೊಲಗಳು ಸೈಟುಗಳಾದವು, ಅಳೆಯಲು ಬಂದ ಸರ್ವೆಯವರಿಗೂ ಎಳ್ಳು ಕೊಟ್ಟಳು. ಸೈಟುಗಳ ಮೇಲೆ ಮನೆ ಎದ್ದವು. ಗಾರೆ ಕೆಲಸದವರಿಗೆ ಕೊಟ್ಟಳು. ಮನೆಗಳಿಗೆ ಬಾಡಿಗೆಯವರು ಬಂದರು. ಅವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಚಮಚ ಎತ್ತಿ ಕೈಗೆ ಸುರಿದು, "ತಿನ್ನಿ, ತಿನ್ನಿ," ಎಂದು ಅವರು ತಿನ್ನುವವರೆಗೂ ಗೇಟು ಬಿಟ್ಟು ಕದಲುತ್ತಿರಲಿಲ್ಲ. ಲೇಔಟಿನಲ್ಲಿ ಯಾರು ಬಸುರಿ, ಯಾರ ಕೆಲಸ ಹೋಯಿತು, ಯಾವ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಎಲ್ಲ ಆ ಒಂದು ಸಂಜೆಯಲ್ಲಿ ತಿಳಿದುಕೊಂಡು ಬರುವಳು. ಉಳಿದ ವರ್ಷವೆಲ್ಲ ಅದನ್ನು ಸರಿ ಮಾಡಲು ಓಡಾಡುವಳು.

*

ಕಬ್ಬಿನ ವಿಮಾನ ಬೀದಿಗಿಳಿದಾಗ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ನಾಲ್ಕು ಮೂಲೆಗೆ ಸುಳಿ ಸಮೇತ ಕಬ್ಬು, ನಡುವೆ ಹಳದಿ ಸೇವಂತಿಗೆ, ಅದರೊಳಗೆ ತಲೆ ತುಸು ವಾಲಿಸಿಕೊಂಡು ಪುಟ್ಟಬಸಮ್ಮ. ಮುಂದೆ ಭಜನೆಯವರ ತಾಳ. ಹಿಂದೆ ಆಟೋದಲ್ಲಿ ದೇವೀರಮ್ಮ.

ಹೊಸ ಲೇಔಟಿನ ತಿರುವಿನಲ್ಲಿ ಒಬ್ಬಾಕೆ ರೇಷ್ಮೆ ಸೀರೆಯುಟ್ಟು ಕರ್ಪೂರದ ತಟ್ಟೆ ಹಿಡಿದು ಓಡಿಬಂದರು. ಮೊನ್ನೆ ಮೊನ್ನೆ ಬಾಡಿಗೆಗೆ ಬಂದವರು. ಕರ್ಪೂರ ಹಚ್ಚಿಯೂ ಆಗಿತ್ತು.

"ಯಾವ ದೇವರು?" ಎಂದು ಸಿದ್ದುವನ್ನು ಕೇಳಿದರು.

ಸಿದ್ದು ಹೆಗಲು ಬದಲಾಯಿಸುತ್ತಾ ತಡವರಿಸಿದ. "ದೇವರಲ್ಲ ಮೇಡಂ. ನಮ್ಮ ದೊಡ್ಡಮ್ಮ."

ಆಕೆ ತಟ್ಟೆ ಹಿಂದಕ್ಕೆ ಎಳೆದುಕೊಳ್ಳಬೇಕೋ ಮುಂದೆ ಹಿಡಿಯಬೇಕೋ ತಿಳಿಯದೆ ನಿಂತುಬಿಟ್ಟರು.

ಶಿವರುದ್ರಪ್ಪನವರು ಮುಂದೆ ಬಂದು, "ಹಚ್ಚಿದ್ದೀರಲ್ಲ ತಾಯಿ, ಬೆಳಗಿಬಿಡಿ. ಅವಳೇನೂ ಬೇಡ ಅನ್ನಲ್ಲ," ಅಂದರು.

ಆಕೆ ಬೆಳಗಿದರು. ತಾಳದವರು ಒಂದು ಗಳಿಗೆ ನಿಲ್ಲಿಸಿ ಮತ್ತೆ ಶುರು ಮಾಡಿದರು. ಆಟೋದಿಂದ ದೇವೀರಮ್ಮನ ದನಿ ಕೇಳಿಸಿತು: "ಹೆಣಕ್ಕೆ ಆರತಿ ಎತ್ತಿಸ್ತಾನಲ್ಲಪ್ಪ ಇವನು! ಇನ್ನೂ ಏನೇನು ನೋಡಬೇಕೋ."

ಬಿಲ್ವಪತ್ರೆ, ವಿಭೂತಿ, ಮೂರು ಹಿಡಿ ಮಣ್ಣು. ರುದ್ರಭೂಮಿಯಲ್ಲಿ ಶಿವರುದ್ರಪ್ಪನವರು ಕೊನೆಗೂ ಅತ್ತರು. ಮಗ ತೋಳು ಹಿಡಿದುಕೊಂಡ.

*

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಚಾಮಯ್ಯನ ಹೆಂಡತಿ ಸುಮಿತ್ರಮ್ಮ ಪಾತ್ರೆ ಹಿಡಿದು ಗೇಟಿನಲ್ಲಿ ನಿಂತಿದ್ದರು, ಅವರ ಹಿಂದೆ ಬೀದಿಯ ಇನ್ನಷ್ಟು ಹೆಂಗಸರು. ಎಲ್ಲರ ಮುಖದಲ್ಲೂ ಏನೋ ಕದ್ದು ಸಿಕ್ಕಿಬಿದ್ದ ಹಾಗೆ.

"ತಪ್ಪು ತಿಳ್ಕೋಬೇಡಿ ರುದ್ರಣ್ಣ," ಅಂದರು ಸುಮಿತ್ರಮ್ಮ. "ಸಾವಿನ ಮನೆಗೆ ಬರೀ ಅನ್ನ ಸಾರು ತರಬೇಕು ಅನ್ನೋದು ಗೊತ್ತಿಲ್ವ? ಆದ್ರೆ ಬೆಳಗ್ಗೆನೇ ಎಲ್ಲಾರೂ ಒಲೆ ಮೇಲೆ ಇಟ್ಟಾಗಿತ್ತು. ಯಾರ ಮನೇಲಿ ನೋಡಿದ್ರೂ ಹುಗ್ಗೀನೇ."

ಚಾಮಯ್ಯ ಸೇರಿಸಿದ: "ಹೋಟ್ಲಿಂದ ಇಡ್ಲಿನಾದ್ರೂ ತರಾನ ಅಂತ ಹೋದೆ. ಹಬ್ಬ ಅಂತ ಅವನೂ ಬಾಗಿಲು ಹಾಕ್ಕೊಂಡು ಹೋಗವ್ನೆ."

"ಹುಗ್ಗೀನೇ ಬಡಿಸಿ," ಅಂದರು ಶಿವರುದ್ರಪ್ಪನವರು.

ಹಾಗಾಗಿ ಮಣ್ಣು ಮಾಡಿ ಬಂದ ನೆಂಟರು ಸ್ನಾನ ಮುಗಿಸಿ, ಪಡಸಾಲೆಯಲ್ಲಿ ಸಾಲಾಗಿ ಕೂತು, ಸಿಹಿ ಹುಗ್ಗಿ, ಖಾರದ ಹುಗ್ಗಿ, ಅವರೆಕಾಳು ಸಾರು, ಬೇಯಿಸಿದ ಗೆಣಸು, ಅದರ ಜೊತೆ ಯಾರೋ ಮರೆತು ತಂದುಬಿಟ್ಟಿದ್ದ ಹಪ್ಪಳ, ಇಷ್ಟನ್ನೂ ಉಂಡರು. ಬೆಳಗಿನಿಂದ ಖಾಲಿ ಹೊಟ್ಟೆ. ಮೊದಲು ತಲೆ ತಗ್ಗಿಸಿ ಉಂಡರು. ಆಮೇಲೆ ಒಬ್ಬರು ಇನ್ನೊಂದು ಸೌಟು ಹುಗ್ಗಿ ಕೇಳಿದರು. ತುಪ್ಪದ ಗಿಂಡಿ ಎರಡನೆಯ ಸುತ್ತು ಬಂದಾಗ ಸಿದ್ದು, "ದೊಡ್ಡಮ್ಮ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಎಲೆ ಮೇಲೆ ಕೊಳಾನೇ ಆಗಿರೋದು," ಅಂದ. ನಕ್ಕವರು ಬೆಚ್ಚಿ ದೇವೀರಮ್ಮನ ಕಡೆ ನೋಡಿದರು.

ದೇವೀರಮ್ಮ ಸಿಹಿ ಮುಟ್ಟಿರಲಿಲ್ಲ. ಖಾರದ ಹುಗ್ಗಿಯನ್ನೂ ಮಜ್ಜಿಗೆಯಲ್ಲಿ ಕಲೆಸಿ ಒಂದು ತುತ್ತು ನುಂಗಿದ್ದರು. ಎಲ್ಲರದೂ ಮುಗಿದ ಮೇಲೆ ಕುರ್ಚಿಯಲ್ಲಿ ಕೂತು ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಎಲ್ಲಾ ಇದ್ದೀರ, ಕೇಳ್ಕೊಳ್ಳಿ. ಇನ್ಮೇಲೆ ಈ ಮನೇಲಿ ಸಂಕ್ರಾಂತಿ ಇಲ್ಲ. ಎಳ್ಳು ಈ ಮನೆಯಿಂದ ಹೋಗಕೂಡದು, ಈ ಮನೆಗೆ ಬರಕೂಡದು. ಸುಷ್ಮಾ, ಕೇಳಿಸ್ತೇನವ್ವ?"

ಸುಷ್ಮಾ ಮಾವನ ಮುಖ ನೋಡಿದಳು. ಶಿವರುದ್ರಪ್ಪನವರು ಇಷ್ಟು ವಯಸ್ಸಾದರೂ ಅಕ್ಕನೆದುರು ನಿಂತು ಮಾತಾಡಿದ್ದಿಲ್ಲ.

"ಅಕ್ಕ," ಅಂದರು. "ಆ ಕರು ಇತ್ತಲ್ಲ, ಕೆಂದಿದು. ಅದು ಹಬ್ಬದ ದಿನ ಹುಟ್ಟಿದ್ದಲ್ಲ. ಮಾರನೆ ದಿನ."

ದೇವೀರಮ್ಮ ಕಣ್ಣು ಮಿಟುಕಿಸಲಿಲ್ಲ.

"ಗೊತ್ತು ಕಣೋ."

"ನಿನಗೆ ಯಾರು ಹೇಳಿದ್ರು?"

"ಇನ್ಯಾರು, ಅವ್ವ. ಕಣ್ಣು ಹೋಗಿತ್ತು, ಕೈ ಹೋಗಿತ್ತಾ? ಅವಳ ಕೈಲಿ ಎಷ್ಟು ಕರು ಹುಟ್ಟಿದ್ವು! ಈಗ್ತಾನೆ ಬಿದ್ದ ಕರುನ ಮುಟ್ಟಿದ್ರೆ ಗೊತ್ತಾಗಲ್ವ? ಬಿಸಿನೀರಲ್ಲಿ ತೊಳೆದ್ಲಂತೆ! ಅವ್ವ ಸಾಯೋ ತನಕ ಅದನ್ನ ಹೇಳ್ಕೊಂಡು ನಗೋಳು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ಲು?"

ದೇವೀರಮ್ಮ ಊರುಗೋಲಿನ ಹಿಡಿ ಸವರಿದರು. "ಅವಳಿಗೂ ಹಬ್ಬ ಬೇಕಾಗಿತ್ತೇನೋ," ಅಂದರು. ದನಿ ಇಳಿದಿತ್ತು. ಮರುಕ್ಷಣವೇ ಗಟ್ಟಿ ಮಾಡಿಕೊಂಡರು. "ಅದಿರಲಿ. ಸುಳ್ಳಿಗಾದ್ರೂ ಆವತ್ತು ಒಂದು ಕರು ಅಂತ ಇತ್ತಪ್ಪ. ಇವತ್ತು ಏನಿದೆ ನಿನ್ನ ಹತ್ರ? ಹೇಳು ನೋಡಾನ. ಏನಿದೆ?"

ಶಿವರುದ್ರಪ್ಪನವರು ಸುತ್ತ ನೋಡಿದರು. ಉಂಡ ಎಲೆಗಳು, ಖಾಲಿಯಾದ ಸುಮಿತ್ರಮ್ಮನ ಪಾತ್ರೆ. ನಿಧಾನವಾಗಿ ಎದ್ದು ಅಡುಗೆಮನೆಗೆ ಹೋದರು. ಸುಷ್ಮಾ ಹಿಂದೆಯೇ ಬಂದಳು.

"ಎಳ್ಳು ಎಲ್ಲಿಟ್ಟವಳೆ?"

ಸುಷ್ಮಾ ಮಾತಾಡದೆ ಮೇಲಿನ ಹಲಗೆಯಿಂದ ಸ್ಟೀಲ್ ಡಬ್ಬ ಇಳಿಸಿ, ತಟ್ಟೆಗೆ ಸುರಿದು, ಚಮಚ ಇಟ್ಟಳು. "ನಾನೂ ಬರ್ಲಾ ಮಾವ?"

"ಬೇಡ ಕಣವ್ವ. ಯಾರಾದ್ರೂ ಬೇಡ ಅಂದ್ರೆ ನನಗೇ ಅನ್ಲಿ."

ತಟ್ಟೆ ಹಿಡಿದು ಪಡಸಾಲೆ ದಾಟುವಾಗ ಮಗ ಎದ್ದು ನಿಂತ. "ಅಪ್ಪ, ಇವತ್ತೇ... ಜನ ಏನಂತಾರೆ?"

"ಅದನ್ನೇ ಕೇಳ್ಕೊಂಡು ಬರ್ತೀನಿ," ಅಂದರು.

"ಗಂಡಸರು ಎಳ್ಳು ಬೀರೋದನ್ನ ಎಲ್ಲಾದ್ರೂ ಕಂಡಿದ್ದೀರಾ!" ದೇವೀರಮ್ಮ ಊರುಗೋಲು ಹುಡುಕಿಕೊಂಡು ಎದ್ದರು. "ಲೋ ರುದ್ರ, ನಿಂತ್ಕೊಳೋ!"

ಅವರು ನಿಲ್ಲಲಿಲ್ಲ. ಬೀದಿ ದಾಟಿದರು. ಹಣೆಯ ವಿಭೂತಿ ಸ್ನಾನದ ನೀರಿಗೆ ಅರ್ಧ ಹೋಗಿತ್ತು. ಪಂಚೆ ಇನ್ನೂ ಒದ್ದೆ. ಸುಮಿತ್ರಮ್ಮ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದವರು ಗಾಬರಿಯಿಂದ ಎದ್ದರು. ಅವರ ಮನೆಯಲ್ಲಿ ಸೂತಕ ಕಟ್ಟುನಿಟ್ಟು. ಸಾವಾದ ಮನೆಯಿಂದ ಒಂದು ಬೆಂಕಿಪೊಟ್ಟಣವನ್ನೂ ಈಸಿಕೊಳ್ಳುವವರಲ್ಲ. ಅದು ಶಿವರುದ್ರಪ್ಪನವರಿಗೂ ಗೊತ್ತು.

ಏನು ಹೇಳಿ ಕೊಡಬೇಕೋ ಅವರಿಗೆ ತಿಳಿಯಲಿಲ್ಲ. ಆ ಮಾತೆಲ್ಲ ಅವಳಿಗೇ ಬರುತ್ತಿದ್ದದ್ದು.

"ಪುಟ್ಟಬಸಿ ಬೆರೆಸಿದ್ದು," ಅಂದರು. "ಬೇಡ ಅಂದ್ರೆ ಬೇಜಾರಿಲ್ಲ ಕಣಮ್ಮ."

ಸುಮಿತ್ರಮ್ಮ ತಟ್ಟೆ ನೋಡಿದರು. ಒಂದೇ ಸಮನಾಗಿ ಹೆಚ್ಚಿದ ಕೊಬ್ಬರಿ, ಬೆಲ್ಲ. ಒಳಗಿನಿಂದ ಚಾಮಯ್ಯ ಹೊರಗೆ ಬಂದು ಬಾಗಿಲಿಗೆ ಆತು ನಿಂತ.

"ನಮ್ಮನೆ ಹುಗ್ಗಿ ನೀವು ಉಂಡ್ರಿ," ಅಂದರು ಸುಮಿತ್ರಮ್ಮ. "ಸಾವಿನ ಮನೇಲಿ ಸಿಹಿ ಬಡಿಸಿದ್ಲು ಅಂತ ನನ್ನ ಬೈಲಿಲ್ಲ. ಈಗ ನಾನು ಬೇಡ ಅಂತೀನಾ? ಹಾಕಿ ಅಣ್ಣ." ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದರು.

ಶಿವರುದ್ರಪ್ಪನವರು ಚಮಚ ತುಂಬ ಎಳ್ಳು ಆ ಬೊಗಸೆಗೆ ಸುರಿದರು. ಸುಮಿತ್ರಮ್ಮ ಅಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಗಂಡನ ಕೈಗೆ ಸುರಿದರು. "ನಿಂತ್ಕೊಳ್ಳಿ, ಬಂದೆ," ಎಂದು ಒಳಗೆ ಹೋಗಿ ತಮ್ಮ ತಟ್ಟೆ ಹಿಡಿದು ಬಂದರು. ಎಳ್ಳು, ಬಾಳೆಹಣ್ಣು, ಕಬ್ಬಿನ ಜಲ್ಲೆ.

ಇಬ್ಬರೂ ಬೀದಿ ದಾಟಿ ಬರುವಾಗ ದೇವೀರಮ್ಮ ಗೇಟಿಗೆ ಅಡ್ಡವಾಗಿ ನಿಂತಿದ್ದರು. ಅವರ ಹಿಂದೆ ಜಗಲಿಯ ಮೇಲೆ ನೆಂಟರೆಲ್ಲ.

"ತಗೊಂಡ್ಯೇನೆ ಸುಮಿತ್ರಾ?" ಎಂದು ಕೇಳಿದರು.

"ತಗೊಂಡೆ ಅಕ್ಕ. ತಿಂದೂ ಆಯ್ತು. ಈಗ ನಮ್ಮನೇದು ಕೊಡಬೇಕಲ್ಲ, ಈ ಮನೇಲಿ ದೊಡ್ಡೋರು ಇನ್ನು ನೀವೇ."

ದೇವೀರಮ್ಮ ಸುಮಿತ್ರಮ್ಮನ ತಟ್ಟೆ ನೋಡಿದರು, ತಮ್ಮನ ತಟ್ಟೆ ನೋಡಿದರು. ಬೀದಿಯ ಕೊನೆಯಲ್ಲಿ ಯಾರೋ ಹುಲ್ಲಿಗೆ ಬೆಂಕಿ ಕೊಟ್ಟಿದ್ದರು. ಹೊಗೆ ಈ ಕಡೆಗೆ ಬರುತ್ತಿತ್ತು. ಅವರು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಾಗಲಿಲ್ಲ. ತಮ್ಮನ ಹೆಗಲಿಗೆ ಒಂದು ಪಕ್ಕ ಒರಗಿ, ಎರಡೂ ಕೈಯಲ್ಲಿ ಸೆರಗು ಹರಡಿ ಹಿಡಿದರು.